ಅರ್ಧ ಕಿಲೋ ಭಾರ

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರಿಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ರಿವಾಲ್ವರಿನ ಗೀಳು ಹತ್ತಿತು. ಪಕ್ಕದ ತೋಟದ ಕಣದಿಂದ ರಾತ್ರೋರಾತ್ರಿ ಮೆಣಸಿನ ಮೂಟೆಗಳು ಕಾಣೆಯಾದದ್ದೇ ನೆಪ. ಮನೆಯಲ್ಲಿ ತಂದೆಯ ಕಾಲದ ಜೋಡಿನಳಿಗೆ ಕೋವಿ ಇದ್ದೇ ಇದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೊಪ್ಪಿಸಿ ರಸೀದಿ ತರುವುದು, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು ಅವರಿಗೆ ಹಬ್ಬಹುಣ್ಣಿಮೆಯಷ್ಟೇ ರೂಢಿ. ಆದರೆ ಮಂಡಿನೋವಿನಲ್ಲಿ ನಡುರಾತ್ರಿ ಎದ್ದು ಅಷ್ಟುದ್ದದ ಕೋವಿಗೆ ತೋಟಾ ತುಂಬುವವರು ಯಾರು? ದಿಂಬಿನ ಪಕ್ಕ ಇಡುವಂಥದ್ದು ಬೇಕು, ಅಗ್ಗವೂ ಆಗಿರಬೇಕು.

ಅಗ್ಗ ಎಂಬ ಮಾತೇ ಇಲ್ಲಿ ವಿಚಿತ್ರ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೆಂಗಸರಿಗೆಂದೇ ‘ನಿರ್ಭೀಕ್’ ಎಂಬ .32 ಬೋರಿನ ರಿವಾಲ್ವರ್ ತಂದಾಗ ಅದರ ಬೆಲೆ ಲಕ್ಷದ ಇಪ್ಪತ್ತೆರಡು ಸಾವಿರ ದಾಟಿತ್ತು. ಟೈಟಾನಿಯಂ ಮಿಶ್ರಲೋಹ, ಅರ್ಧ ಕಿಲೋ ತೂಕ, ಆರು ಗುಂಡು. 2016ರಲ್ಲಿ ಬಂದ ‘ನಿಡರ್’ .22 ಬೋರಿನದು, ತೂಕ ಸುಮಾರು 250 ಗ್ರಾಂ, ಬೆಲೆ ಆಗ ಸುಮಾರು 35,000 ರೂಪಾಯಿ. ಪಿಸ್ತೂಲಿಗಿಂತ ರಿವಾಲ್ವರೇ ವಾಸಿ ಎಂದು ಯಜಮಾನರ ವಾದ. ಒಂದು ಗುಂಡು ಠುಸ್ಸೆಂದರೆ ಇನ್ನೊಮ್ಮೆ ಕುದುರೆ ಎಳೆದರಾಯಿತು, ಉರುಳೆ ತಿರುಗಿ ಮುಂದಿನ ಗುಂಡು ಎದುರಿಗೆ ಬರುತ್ತದೆ. ವಾದ ಸರಿಯೇ. 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಬಂದೂಕು. ಅವರಿಗೆ ಇನ್ನೊಂದಕ್ಕೆ ಜಾಗವಿತ್ತು. ಅರ್ಜಿ, ಪೊಲೀಸ್ ವಿಚಾರಣೆ, ತರಬೇತಿಯ ಪ್ರಮಾಣಪತ್ರ ಎಂದು ಓಡಾಟ ಶುರುವಾಯಿತು.

ರಜೆಗೆ ಬಂದಿದ್ದ ಒಂಬತ್ತನೇ ತರಗತಿಯ ಮೊಮ್ಮಗಳು ಇದನ್ನೆಲ್ಲ ಕೇಳಿ ನೋಟ್‌ಬುಕ್ ತೆರೆದಳು. ‘ಅಜ್ಜಾ, ಹಗುರ ಇದ್ದಷ್ಟೂ ಒದೆತ ಜಾಸ್ತಿ!’ ಲೆಕ್ಕ ಹೀಗಿತ್ತು: ಆರು ಗ್ರಾಂ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಮುಂದಕ್ಕೆ ಹೋದರೆ, ಅರ್ಧ ಕಿಲೋ ರಿವಾಲ್ವರ್ ಸೆಕೆಂಡಿಗೆ 2.4 ಮೀಟರ್ ವೇಗದಲ್ಲಿ ಹಿಂದಕ್ಕೆ ಬರಬೇಕು. ಒಂದು ಕಿಲೋ ಇದ್ದರೆ ಅದರರ್ಧ. (ಉರಿದ ಮದ್ದಿನ ಅನಿಲದ ಸಂವೇಗವನ್ನು ಅವಳು ಬಿಟ್ಟಿದ್ದಳು, ಅದನ್ನೂ ಸೇರಿಸಿದರೆ ಒದೆತ ಇನ್ನೂ ಹೆಚ್ಚೇ.) ನಳಿಗೆ ಗಿಡ್ಡವಾದರೆ ಗುರಿ ಹಿಡಿಯುವ ಎರಡು ಗುರುತುಗಳೂ ಹತ್ತಿರ ಬರುತ್ತವೆ. ಅವುಗಳ ನಡುವೆ ಹತ್ತು ಸೆಂಟಿಮೀಟರ್ ಇದ್ದು ಕೈ ಒಂದೇ ಮಿಲಿಮೀಟರ್ ಅಲುಗಿದರೂ ಹತ್ತು ಮೀಟರ್ ದೂರದಲ್ಲಿ ಗುಂಡು ಹತ್ತು ಸೆಂಟಿಮೀಟರ್ ಆಚೆ ಬೀಳುತ್ತದೆ. ಕತ್ತಲಲ್ಲಿ, ಕನ್ನಡಕ ಹುಡುಕುತ್ತಿರುವಾಗ, ಕೈ ಒಂದು ಮಿಲಿಮೀಟರಿಗೆ ನಿಲ್ಲುತ್ತದೆಯೆ?

ಯಜಮಾನರು ನಕ್ಕರು. ಆದರೆ ಹೆಂಡತಿ ಕೇಳಿದ ಪ್ರಶ್ನೆಗೆ ಲೆಕ್ಕವೂ ಬೇಕಿರಲಿಲ್ಲ. ‘ಎಲ್ಲಿಡ್ತೀರಿ ಅದನ್ನ? ಕೋವಿಯಾದರೆ ಪುಟ್ಟನಿಗೆ ಎತ್ತಕ್ಕಾಗಲ್ಲ. ಇದು ಅವನ ಕೈಗೆ ಸಲೀಸಾಗಿ ಸಿಗೋ ಅಂಥದ್ದಲ್ವ?’

ಪುಟ್ಟ ಎಂದರೆ ಏಳು ವರ್ಷದ ಮೊಮ್ಮಗ. ಬೀಗ ಹಾಕಿಟ್ಟರೆ ತಲೆದಿಂಬಿನ ಆಸೆಗೆ ಅರ್ಥವಿಲ್ಲ. ಹಾಕದಿದ್ದರೆ ಮಗುವಿನ ಕೈಗೆ ದೂರವಿಲ್ಲ. ಯಜಮಾನರು ಹಟ ಬಿಡಲಿಲ್ಲ. ಒಂದು ಪರೀಕ್ಷೆಯೇ ಆಗಲಿ ಎಂದು ಅರ್ಧ ಕಿಲೋ ಉಪ್ಪನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಒಳಖಾನೆಯಲ್ಲಿಟ್ಟು ಬೀಗ ಹಾಕಿದರು. ಕೀಲಿಕೈ ಅಕ್ಕಿ ಡ್ರಮ್ಮಿನ ತಳ ಸೇರಿತು. ಯಾರಿಗೂ ಹೇಳಲಿಲ್ಲ, ಹೆಂಡತಿಗೂ.

ಎರಡನೆಯ ದಿನ ಸಂಜೆ ಕಾಫಿ ಹೊತ್ತಿಗೆ ಪುಟ್ಟ ಜಗುಲಿಗೆ ಬಂದ. ಮೊಣಕೈವರೆಗೂ ಅಕ್ಕಿಯ ಬಿಳಿ ಹುಡಿ.

‘ಅಜ್ಜಾ, ಉಪ್ಪಿಗೆ ಯಾಕೆ ಬೀಗ ಹಾಕಿದೀರಿ?’