ಬ್ಲ್ಯಾಕ್ ಫಾರೆಸ್ಟ್‌ನ ತಿರುವುಗಳಲ್ಲಿ ನನ್ನ ಹಳೇ ಕೂಪೆ

ಜರ್ಮನಿಯ ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟ್‌ವರೆಗೆ ಬ್ಲ್ಯಾಕ್ ಫಾರೆಸ್ಟ್‌ನ ನೆತ್ತಿಯ ಮೇಲೆ ಒಂದು ರಸ್ತೆ ಹೋಗುತ್ತೆ. ಹೆಸರು ಬಿ500, ಉದ್ದ ಸುಮಾರು 60 ಕಿಲೋಮೀಟರ್. ಕಾಡು ತೆರೆದುಕೊಂಡ ಕಡೆ ನಿಂತು ಪಶ್ಚಿಮಕ್ಕೆ ನೋಡಿದರೆ ಕೆಳಗೆ ರೈನ್ ನದಿಯ ಬಯಲು, ಅದರಾಚೆ ಫ್ರಾನ್ಸ್. ಚಾರ್ಮಾಡಿ ಘಾಟಿಯಲ್ಲಿ ಓಡಾಡಿದವರಿಗೆ ಇಲ್ಲಿನ ತಿರುವುಗಳು ಹೆದರಿಕೆ ಹುಟ್ಟಿಸಲ್ಲ, ಆಸೆ ಹುಟ್ಟಿಸುತ್ತವೆ. ಆ ಆಸೆಗೇ ನಾನು 1996ರ ಬಿಎಂಡಬ್ಲ್ಯು 320ಐ ಕೂಪೆ ಕೊಂಡಿದ್ದು. ನನಗಿಂತ ನಾಲ್ಕೇ ವರ್ಷ ಚಿಕ್ಕದು.

ಹಿಂದಿನ ಮಾಲೀಕರು ಅದಕ್ಕೆ ಮಿರಮಿರ ಮಿಂಚುವ 18 ಇಂಚಿನ ರಿಮ್ ಹಾಕಿಸಿದ್ದರು. ನಿಜ ಹೇಳ್ತೀನಿ, ನಾನು ಮರುಳಾಗಿದ್ದೇ ಆ ಚಕ್ರಗಳಿಗೆ. ಸ್ಟುಟ್‌ಗಾರ್ಟ್‌ನಿಂದ ಗೆಳೆಯನನ್ನೂ ಅವನ ಹೆಂಡತಿಯನ್ನೂ ಕೂರಿಸಿಕೊಂಡು ಹೊರಟೆ. ಘಾಟಿ ಹತ್ತೋವರೆಗೂ ಎಲ್ಲ ಸರಿ. ಮೊದಲನೇ ದೊಡ್ಡ ತಿರುವಿನಲ್ಲಿ ಹಿಂದಿನ ಚಕ್ರದಿಂದ ‘ಜರ್ರ್’ ಅಂತ ಸದ್ದು.

“ಎಂತದೋ ಮಾರಾಯ ಅದು? ಯಾರೋ ಮರ ಕೊಯ್ದ ಹಾಗೆ!” ಅಂದ ತೀರ್ಥಹಳ್ಳಿಯ ಗೆಳೆಯ, ಹಿಂದಿನ ಸೀಟಿನಿಂದ.

ಮುಮ್ಮೆಲ್‌ಸೇ ಕೆರೆಯ ಹತ್ತಿರ ನಿಲ್ಲಿಸಿದೆ. 1036 ಮೀಟರ್ ಎತ್ತರದಲ್ಲಿರೋ ಪುಟ್ಟ ಕೆರೆ, ಕನ್ನಡಿಯಂಥ ಕಪ್ಪು ನೀರು. ಎಲ್ಲರೂ ಅದರ ಫೋಟೋ ತೆಗೀತಿದ್ರೆ ನಾನು ಮೊಣಕಾಲೂರಿ ಚಕ್ರದ ಫೋಟೋ ತೆಗೀತಿದ್ದೆ. ಟೈರಿನ ಹೊರ ಅಂಚು ತೇದು ಬೆಳ್ಳಗಾಗಿತ್ತು. ಹಿಂದೆ ಜನ ಕೂತಾಗ ಗಾಡಿ ತಗ್ಗಿ, ತಿರುವಿನಲ್ಲಿ ಮಡ್‌ಗಾರ್ಡಿನ ಒಳ ತುಟಿ ಟೈರನ್ನು ಕೆರೆದಿತ್ತು. ಇನ್ನಷ್ಟು ತೇದಿದ್ದರೆ ಆ ಇಳಿಜಾರಿನಲ್ಲೇ ಟೈರು ಹರಿಯುತ್ತಿತ್ತು.

ಅವತ್ತು ರಾತ್ರಿ ಲೆಕ್ಕಕ್ಕೆ ಕೂತೆ. ಈ ಗಾಡಿಯ ಮೂಲ ಅಳತೆ 205/60 ಆರ್15. ಅಂದರೆ ಅಗಲ 205 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ. 60, ಅಂದರೆ 123. ಎರಡು ಕಡೆಯ ಗೋಡೆಗೆ 15 ಇಂಚಿನ ರಿಮ್ಮಿನ 381 ಸೇರಿಸಿದರೆ ಚಕ್ರದ ಒಟ್ಟು ಎತ್ತರ 627 ಮಿಲಿಮೀಟರ್. ನನ್ನ ಗಾಡಿಯಲ್ಲಿದ್ದ 225/40 ಆರ್18 ಲೆಕ್ಕ ಹಾಕಿದರೆ 637. ಬರೀ ಹತ್ತು ಮಿಲಿಮೀಟರ್ ವ್ಯತ್ಯಾಸ! ಸ್ಪೀಡೋಮೀಟರ್ ಕೂಡ ಶೇ. ಒಂದೂವರೆಯಷ್ಟು ಮಾತ್ರ ಆಚೀಚೆ. ಮತ್ಯಾಕೆ ಉಜ್ಜುತ್ತೆ?

ಉತ್ತರ ರಿಮ್ಮಿನ ಮೇಲೇ ಅಚ್ಚಾಗಿತ್ತು: ‘ಇಟಿ 35’. ಚಕ್ರ ಎಷ್ಟು ಒಳಗೆ ಕೂರುತ್ತೆ ಅನ್ನೋ ಅಳತೆ ಅದು. ಮೂಲ ರಿಮ್ಮಿನಲ್ಲಿ 47. ಸಂಖ್ಯೆ ಕಮ್ಮಿಯಾದಷ್ಟೂ ಚಕ್ರ ಹೊರಗೆ ಬರುತ್ತೆ. 12 ಮಿಲಿಮೀಟರ್ ಅಲ್ಲಿ, ಹೆಚ್ಚಾದ ಅಗಲದ ಅರ್ಧ ಇಲ್ಲಿ, ಸೇರಿ ಎರಡು ಸೆಂಟಿಮೀಟರ್ ಹತ್ತಿರ ಹೊರಗೆ. ಟೈರಿನ ಸೈಜ್ ನೋಡಿ ರಿಮ್ಮಿನ ಈ ಸಂಖ್ಯೆ ಮರೆಯೋರೇ ಜಾಸ್ತಿ. ನಾನೂ ಅವರಲ್ಲೊಬ್ಬ.

ಇನ್ನೊಂದು ತಲೆನೋವು ಕಾಗದದ್ದು. ಇಲ್ಲಿ ಎರಡು ವರ್ಷಕ್ಕೊಮ್ಮೆ ಗಾಡಿ ತಪಾಸಣೆ ಆಗಬೇಕು. ಅನುಮತಿ ಇಲ್ಲದ ಚಕ್ರ ಇದ್ದರೆ ಫೇಲ್. ಅಪಘಾತವಾದರೆ ಇನ್ಶೂರೆನ್ಸ್‌ನವರ ಪ್ರಶ್ನೆ ಬೇರೆ. 2005ರಿಂದ ಬಂದ ಹೊಸ ನಮೂನೆಯ ಆರ್‌ಸಿಯಲ್ಲಿ ಒಂದೇ ಅಳತೆ ಬರೆದಿರ್ತಾರೆ. ಉಳಿದ ಅನುಮತಿಗಳು ತಯಾರಕರ ದಾಖಲೆಯಲ್ಲಿರುತ್ತವೆ. ನನ್ನ 18 ಇಂಚಿಗೆ ಎಲ್ಲೂ ಒಂದು ಸಾಲೂ ಇರಲಿಲ್ಲ.

ಉಳಿದಿದ್ದು ಎರಡು ದಾರಿ. 225/50 ಆರ್16 ಹಾಕಿದರೆ ನೋಟ ಚೆನ್ನ, ಎತ್ತರ 631, ಕಾಗದಕ್ಕೂ ಅಡ್ಡಿಯಿಲ್ಲ. ಆದರೂ ನಾನು 15 ಇಂಚಿಗೇ ಹೋದೆ. 18 ಇಂಚಿನ ಟೈರಿನಲ್ಲಿ ರಬ್ಬರ್ ಗೋಡೆ 90 ಮಿಲಿಮೀಟರ್ ಮಾತ್ರ, ಇದರಲ್ಲಿ 123. ಹಳೇ ಗಾಡಿಯ ಸವೆದ ಬುಷ್‌ಗಳಿಗೆ ಆ ಮೆತ್ತೆ ಬೇಕು. ಗೋಡೆಯ ಮೇಲೆ ‘91ವಿ’ ಇದೆಯಾ ನೋಡಿಕೊಂಡೆ: ಒಂದೊಂದು ಟೈರು 615 ಕಿಲೋ ಹೊರುತ್ತೆ, 240 ಕಿಲೋಮೀಟರ್ ವೇಗಕ್ಕೆ ಸೈ. ‘ಡಾಟ್’ ಗುರುತಿನ ಕೊನೇ ನಾಲ್ಕು ಅಂಕಿಯನ್ನೂ ಓದಿದೆ. ಅದು ತಯಾರಾದ ವಾರ, ವರ್ಷ. ಅಂಗಡಿಯವರು ಮೊದಲು ತೋರಿಸಿದ ಅಗ್ಗದ ಜೋಡಿ ಆರು ವರ್ಷ ಹಳೇದಾಗಿತ್ತು. ಬೇಡ ಅಂದೆ.

ಮುಂದಿನ ಭಾನುವಾರ ಮತ್ತೆ ಅದೇ ರಸ್ತೆ, ಅದೇ ತಿರುವು. ಚಿಕ್ಕ ಚಕ್ರದಲ್ಲಿ ಗಾಡಿ ಸ್ವಲ್ಪ ಬಡಕಲಾಗಿ ಕಾಣುತ್ತೆ, ಒಪ್ಪಿದೆ. ಸದ್ದು ಬರುತ್ತಾ ಅಂತ ಕಿವಿಗೊಟ್ಟು ಕೂತಿದ್ದೆ. ಬಂತು, ಹಿಂದಿನ ಸೀಟಿನಿಂದ, ಗೆಳೆಯನ ಗೊರಕೆ.