ಏರುವ ಮುನ್ನ

ಸಂಗೀತಗಾರನು ವೇದಿಕೆಯಲ್ಲಿ ಕುಳಿತೊಡನೆ ತಾರಸ್ಥಾಯಿಗೆ ಏರುವುದಿಲ್ಲ. ಮೊದಲು ಶ್ರುತಿ ಸೇರಿಸಿ, ಕೆಳಗಿನ ಸ್ವರಗಳಲ್ಲಿ ಕಂಠವನ್ನು ಹದಗೊಳಿಸುತ್ತಾನೆ. ಗರಡಿಮನೆಯ ಪೈಲ್ವಾನನೂ ಬಸ್ಕಿ ಹೊಡೆದು ಮೈ ಕಾಯಿಸಿಕೊಂಡ ಮೇಲೆಯೇ ಕುಸ್ತಿಗೆ ಇಳಿಯುತ್ತಾನೆ. ಅನುಭವಿಗಳು ಬಲ್ಲ ಈ ವಿವೇಕ ಮಕ್ಕಳಿಗೆ ಅಷ್ಟು ಸುಲಭವಾಗಿ ರುಚಿಸುವುದಿಲ್ಲ. ಅವರ ಕಣ್ಣು ಯಾವಾಗಲೂ ತುದಿಯ ಮೇಲೆಯೇ.

ಬಾದಾಮಿ, ರಾಮನಗರಗಳ ಬಂಡೆಗಳನ್ನು ಏರುವ ಸಾಹಸ ಈಗ ನಗರಗಳ ಒಳಾಂಗಣಗಳಿಗೂ ಬಂದಿದೆ. ಎತ್ತರದ ಕೃತಕ ಗೋಡೆ, ಅದರ ತುಂಬ ಬಣ್ಣಬಣ್ಣದ ಹಿಡಿಕೆಗಳು, ಕೆಳಗೆ ದಪ್ಪ ಹಾಸು. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಈ ಕ್ರೀಡೆಗೆ ಮೊದಲ ಬಾರಿ ಸ್ಥಾನ ದೊರೆಯಿತು.

ಬೆಂಗಳೂರಿನ ಅಂಥದೊಂದು ಒಳಾಂಗಣಕ್ಕೆ ಒಂಬತ್ತನೆಯ ತರಗತಿಯ ಬಾಲಕನೊಬ್ಬ ಬರುತ್ತಿದ್ದ. ಬಸ್ಸಿನಿಂದ ಇಳಿದವನೇ ಚೀಲವನ್ನು ಮೂಲೆಗೆಸೆದು ಗೋಡೆಗೆ ಕೈ ಹಚ್ಚುತ್ತಿದ್ದ. ಉಳಿದ ಮಕ್ಕಳು ಆ ವೇಳೆಯಲ್ಲಿ ಏರುವವರಿಂದ ದೂರದ ಬಯಲಿನಲ್ಲಿ 'ಕೆರೆ–ದಡ' ಆಡುತ್ತಿದ್ದರು. ಗುರುಗಳು 'ಕೆರೆ' ಎಂದರೆ ಗೆರೆಯ ಒಳಗೆ, 'ದಡ' ಎಂದರೆ ಹೊರಗೆ ಜಿಗಿತ. ಆ ಬಾಲಕನಿಗೆ ಅದು ಎಳೆಯರ ಆಟ.

ಆದರೆ ಆ ಆಟದಲ್ಲಿ ಒಂದು ಉದ್ದೇಶವಿತ್ತು. ಐದು ನಿಮಿಷ ಜಿಗಿದು ಓಡಿದರೆ ಎದೆಬಡಿತ ಹೆಚ್ಚುತ್ತದೆ. ಸ್ನಾಯುಗಳಿಗೆ ರಕ್ತ ಹರಿದು ಅವು ಬಿಸಿಯಾಗುತ್ತವೆ. ಬಿಸಿಯಾದ ಸ್ನಾಯು ಸುಲಭವಾಗಿ ಬಾಗುತ್ತದೆ. ಬಳಿಕ ಮಕ್ಕಳು ಭುಜ, ಸೊಂಟ, ಮಣಿಕಟ್ಟು, ಕಾಲಿನ ಹರಡುಗಳನ್ನು ಮೆಲ್ಲನೆ ತಿರುಗಿಸುತ್ತಿದ್ದರು. ಮುಷ್ಟಿಯನ್ನು ಮುಚ್ಚಿ ಬಿಚ್ಚುತ್ತಿದ್ದರು. ಅಂಗಗಳನ್ನು ಎಳೆದು ಬಹಳ ಹೊತ್ತು ಹಾಗೆಯೇ ನಿಲ್ಲುವ ವ್ಯಾಯಾಮವನ್ನು ಗುರುಗಳು ಕೊನೆಗೆ ಇಡುತ್ತಿದ್ದರು. ಅನಂತರ ಹಾಸಿನಿಂದ ಒಂದಡಿಯಷ್ಟೇ ಮೇಲೆ, ದೊಡ್ಡ ಹಿಡಿಕೆಗಳನ್ನು ಹಿಡಿದು ಗೋಡೆಯುದ್ದಕ್ಕೂ ಅಡ್ಡಡ್ಡ ಸಾಗುವುದು. ಆಮೇಲೆ ಸುಲಭದ ದಾರಿ. ಕಠಿಣವಾದದ್ದು ಎಲ್ಲಕ್ಕೂ ಕಡೆಗೆ.

ಒಂದು ಸಂಜೆ ಆ ಬಾಲಕ ಅರ್ಧ ಏರಿ ಕೈಬಿಟ್ಟ. ಹಾಸಿನ ಮೇಲೆ ಬಿದ್ದವನು ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಬೆರಳು ತೋರಿಸಪ್ಪ" ಎಂದರು ಗುರುಗಳು.

ನಡುಬೆರಳಿನ ಮಧ್ಯದ ಗಿಣ್ಣು ಊದಿತ್ತು. ಆ ನೋವು ಅಂದು ಬಂದದ್ದಲ್ಲ. ಮೂರು ವಾರಗಳಿಂದ ಇತ್ತು. ಸ್ಪರ್ಧೆ ತಪ್ಪೀತೆಂಬ ಭಯದಿಂದ ಅವನು ಯಾರಿಗೂ ಹೇಳಿರಲಿಲ್ಲ.

ವೈದ್ಯರು ಕಾರಣವನ್ನು ತಿಳಿಸಿದರು. ಬೆಳೆಯುವ ವಯಸ್ಸಿನಲ್ಲಿ ಬೆರಳಿನ ಮೂಳೆಗಳ ಕೊನೆಯ ಬಳಿ ಮೃದ್ವಸ್ಥಿಯ ತೆಳುವಾದ ಪದರವೊಂದಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಅದು ಗಟ್ಟಿ ಮೂಳೆಯಷ್ಟು ಬಲವಾದುದಲ್ಲ. ಬೆಳವಣಿಗೆ ಭರದಿಂದ ಸಾಗುವ ಹದಿಮೂರು–ಹದಿನೈದರ ಆಸುಪಾಸಿನಲ್ಲಿ, ಸಣ್ಣ ಹಿಡಿಕೆಗಳಿಗೆ ಮತ್ತೆ ಮತ್ತೆ ಜೋತುಬಿದ್ದರೆ ಅಲ್ಲಿ ಬಿರುಕು ಮೂಡಬಹುದು. ನೋವನ್ನು ಲೆಕ್ಕಿಸದೆ ಮುಂದುವರಿದರೆ ಬೆರಳು ಶಾಶ್ವತವಾಗಿ ಸೊಟ್ಟಗಾಗಲೂಬಹುದು.

"ಹಾಗಾದರೆ ಕೆರೆ–ದಡ ಆಡಿದ್ದರೆ ಹೀಗಾಗುತ್ತಿರಲಿಲ್ಲವೇ, ಸಾರ್?" ಎಂದು ಬಾಲಕ ಕೇಳಿದ.

"ಅಷ್ಟರಿಂದಲೇ ಎಲ್ಲ ತಪ್ಪುತ್ತಿತ್ತೆಂದು ಹೇಳಲಾರೆ. ಮೈ ಕಾಯಿಸುವುದು ಎಷ್ಟು ಮುಖ್ಯವೋ ವಿಶ್ರಾಂತಿಯೂ ಅಷ್ಟೇ ಮುಖ್ಯ. ನೋವನ್ನು ಮೊದಲ ದಿನವೇ ಹೇಳುವುದು ಎಲ್ಲಕ್ಕಿಂತ ಮುಖ್ಯ" ಎಂದರು ಗುರುಗಳು. ಆಟದ ವೇಳೆಯಲ್ಲಿ ಅವರು ಪ್ರತಿಯೊಬ್ಬರ ನಡೆಯನ್ನೂ ಕೈಯನ್ನೂ ಗಮನಿಸುತ್ತಿದ್ದುದು ಏತಕ್ಕೆಂದು ಬಾಲಕನಿಗೆ ಆಗ ಹೊಳೆಯಿತು. ಆ ಹತ್ತು ನಿಮಿಷಗಳನ್ನು ತಪ್ಪಿಸಿಕೊಂಡು ಅವನು ಅವರ ಕಣ್ಣನ್ನೂ ತಪ್ಪಿಸಿಕೊಂಡಿದ್ದ.

ಸ್ಪರ್ಧೆ ಅವನಿಲ್ಲದೆಯೇ ನಡೆದುಹೋಯಿತು. ಕೆಲವು ತಿಂಗಳು ಅವನು ಗೋಡೆಯನ್ನು ಮುಟ್ಟಲಿಲ್ಲ. ಆದರೂ ಸಂಜೆ ಬರುವುದನ್ನು ಬಿಡಲಿಲ್ಲ. ಎಳೆಯರ ಮುಂದೆ ನಿಂತು 'ಕೆರೆ', 'ದಡ' ಎಂದು ಕೂಗುವ ಕೆಲಸ ಅವನದಾಯಿತು. ಯಾವನಾದರೂ ಗುಂಪಿನಿಂದ ನುಸುಳಿ ಗೋಡೆಯತ್ತ ಓಡಿದರೆ ಅವನು ಗದರಿಸುತ್ತಿರಲಿಲ್ಲ; ಹತ್ತಿರ ಕರೆದು, "ಎಲ್ಲಿ, ಬೆರಳು ತೋರಿಸಪ್ಪ" ಎನ್ನುತ್ತಿದ್ದ.