ಹೊಲಿದವರ ಹೆಸರು

ಪ್ಯಾಂಟು ಎಲ್ಲಿ ಹರಿಯುತ್ತದೆ ಎಂಬುದು ಹೊಲಿಯುವವರಿಗೆ ಮೊದಲೇ ಗೊತ್ತಿರುತ್ತದೆ. ಜೇಬಿನ ಮೂಲೆ, ಮೊಣಕಾಲು, ಎರಡು ಕಾಲು ಕೂಡುವ ಸಂದು. ಅಮೆರಿಕದ ರೀನೋ ಊರಿನ ದರ್ಜಿ ಜೇಕಬ್ ಡೇವಿಸ್, ಮರ ಕಡಿಯುವವನೊಬ್ಬನಿಗೆ ಪ್ಯಾಂಟು ಹೊಲಿಯುವಾಗ ಜೇಬಿನ ಮೂಲೆಗೆ ತಾಮ್ರದ ರಿವೆಟ್ಟು ಬಡಿದ. ತನಗೆ ಬಟ್ಟೆ ಪೂರೈಸುತ್ತಿದ್ದ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಪೇಟೆಂಟ್ ಪಡೆದ. ಜೀನ್ಸ್ ಹುಟ್ಟಿದ್ದೇ ದುಡಿಯುವವರ ಮೈಗಾಗಿ.

ಈ ದುಡಿಮೆ ಬಟ್ಟೆಯ ಕಥೆಯಲ್ಲಿ ನನ್ನ ಮನಸ್ಸು ಹೆಚ್ಚು ತಂಗುವುದು ವೇಲ್ಸ್‌ನ ಕಾರ್ಡಿಗನ್‌ನಲ್ಲಿ. ಸುಮಾರು 4,000 ಜನರ ಪುಟ್ಟ ಊರು. ಅಲ್ಲಿನ ಕಾರ್ಖಾನೆಯಲ್ಲಿ 400 ಮಂದಿ ವಾರಕ್ಕೆ 35,000 ಜೀನ್ಸ್ ಹೊಲಿಯುತ್ತಿದ್ದರು. ಕೂಲಿ ಅಗ್ಗವಿರುವ ಮೊರಾಕ್ಕೊಗೆ ಕೆಲಸ ಹೋಯಿತು. 2002ರಲ್ಲಿ ಬಾಗಿಲು ಮುಚ್ಚಿತು. ಹೊಲಿಯಬಲ್ಲ ಕೈಗಳು ಮಾತ್ರ ಊರಲ್ಲೇ ಉಳಿದವು. ಹತ್ತು ವರ್ಷ ಕಳೆಯುವ ಹೊತ್ತಿಗೆ ಡೇವಿಡ್ ಮತ್ತು ಕ್ಲೇರ್ ಹೈಯಟ್ ದಂಪತಿ 'ಹೈಯೂಟ್ ಡೆನಿಮ್' ಶುರುಮಾಡಿ ಆ ಕೈಗಳಲ್ಲಿ ಕೆಲವಕ್ಕೆ ಮತ್ತೆ ಕೆಲಸ ಕೊಟ್ಟರು. ಜೀನ್ಸ್ ಹೊಲಿದವರು ಅದರೊಳಗೆ ಸಹಿ ಹಾಕಬೇಕು. ಹರಿದರೆ ಎಷ್ಟು ವರ್ಷವಾದರೂ ಬಿಟ್ಟಿ ರಿಪೇರಿ. ಸಹಿ ಮತ್ತು ರಿಪೇರಿ, ಇವೆರಡೂ ಒಂದೇ ಮಾತು ಎಂದೇ ನಾನು ತಿಳಿದಿದ್ದೇನೆ. ತಾನು ಹೊಲಿದದ್ದು ಒಂದು ದಿನ ತಿರುಗಿ ಬರುತ್ತದೆ ಎಂದು ಗೊತ್ತಿದ್ದವರು ಸೂಜಿ ಹಿಡಿಯುವ ರೀತಿಯೇ ಬೇರೆ.

ನಮ್ಮ ಬೀದಿಯ ಟೈಲರ್ ಜೀನ್ಸಿನ ಸಂದು ದುರಸ್ತಿ ಮಾಡುವುದನ್ನು ನಿಂತು ನೋಡಿದ್ದೇನೆ. ಮೊದಲು ಒಳಗಾಲಿನ ಹೊಲಿಗೆ ಬಿಚ್ಚುತ್ತಾರೆ. ಸವೆದ ಜಾಗದ ಹಿಂದೆ ಹಳೇ ಜೀನ್ಸಿನದೇ ತುಂಡು ಇಡುತ್ತಾರೆ. ಹೊಸ ತುಂಡಾದರೆ ಅದರ ಗಡಸು ಪಕ್ಕದ ಬಟ್ಟೆಯನ್ನು ಎಳೆದು ಹರಿಯುತ್ತದಂತೆ. ಆಮೇಲೆ ನೇಯ್ಗೆಯ ಓರೆಗೆರೆಯ ಜಾಡಿನಲ್ಲೇ ಮಷಿನ್ನನ್ನು ಹಿಂದೆ ಮುಂದೆ ಓಡಿಸುತ್ತಾರೆ. ನೀಲಿ ದಾರ ನೀಲಿಯೊಳಗೆ ಸೇರಿಹೋಗುತ್ತದೆ. ಅಗ್ಗದ ರೆಡಿಮೇಡ್ ಒಯ್ದರೆ ಮಾತ್ರ ಅವರ ಮುಖ ಸಪ್ಪಗಾಗುತ್ತದೆ. "ಒಳಗೆ ಬಟ್ಟೆನೇ ಬಿಟ್ಟಿಲ್ಲ ಸಾರ್, ಎಲ್ಲಿ ಹಿಡಿದು ಹೊಲೀಲಿ?" ಅಂಚಿನವರೆಗೆ ಕತ್ತರಿಸಿ ಓವರ್‌ಲಾಕ್ ಹೊಡೆದುಬಿಟ್ಟರೆ ಯಾವ ಟೈಲರ್ ತಾನೇ ಏನು ಮಾಡಿಯಾನು? ಹಿಂದೆಲ್ಲ ಶಾಲೆಯ ಯೂನಿಫಾರ್ಮಿಗೂ ಮಡಿಕೆಯೊಳಗೆ ಎರಡಿಂಚು ಬಿಟ್ಟೇ ಹೊಲಿಯುತ್ತಿದ್ದರು. ಮಗು ಎತ್ತರವಾದಂತೆ ಬಿಚ್ಚಿ ಇಳಿಸುತ್ತಿದ್ದರು.

ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಕೈಚಳಕಕ್ಕೆ ಬರವಿಲ್ಲ. ಸಾವಿರಾರು ಹೆಣ್ಣುಮಕ್ಕಳು ಬೆಳಗಾದರೆ ಮಷಿನ್ ಮುಂದೆ ಕೂರುತ್ತಾರೆ. ಒಬ್ಬರಿಗೆ ದಿನವಿಡೀ ಕಾಲರ್, ಇನ್ನೊಬ್ಬರಿಗೆ ಜೇಬು, ಮತ್ತೊಬ್ಬರಿಗೆ ಕಾಜಾ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟು. ಇಡೀ ಅಂಗಿಯನ್ನು ನಾನೇ ಹೊಲಿದೆ ಎಂದು ಹೇಳಿಕೊಳ್ಳುವ ಸಂತೋಷ ಅವರಲ್ಲಿ ಯಾರಿಗೂ ಇಲ್ಲ. ಲೇಬಲ್ಲಿನಲ್ಲಿ ಬ್ರ್ಯಾಂಡಿನ ಹೆಸರಿದೆ, ದೇಶದ ಹೆಸರಿದೆ, ಒಗೆಯುವ ಕ್ರಮವೂ ಇದೆ; ಹೊಲಿದವಳ ಹೆಸರಿಗೆ ಜಾಗವಿಲ್ಲ. ಇದು ಅನ್ಯಾಯ.

ಕಾರ್ಡಿಗನ್ನಿನ ಜೀನ್ಸ್ ದುಬಾರಿ. ಗಾರೆ ಕೆಲಸದವರಿಗೆ, ಮೆಕ್ಯಾನಿಕ್‌ಗಳಿಗೆ ಅದು ಕೈಗೆಟುಕುವುದಿಲ್ಲ. ದುಡಿಯುವವರ ಬಟ್ಟೆ ಹೀಗಾದದ್ದು ನನಗೆ ನೋವಿನ ಸಂಗತಿ. ಆದರೆ ಒಳಗೆ ಎರಡಿಂಚು ಬಟ್ಟೆ ಬಿಡಲು, ಜೇಬಿನ ಮೂಲೆಗೆ ಇನ್ನೊಂದು ಹೊಲಿಗೆ ಹಾಕಲು ಅಂಥ ದೊಡ್ಡ ಖರ್ಚೇನೂ ಬರುವುದಿಲ್ಲ. ಕೊಳ್ಳುವಾಗ ಬಟ್ಟೆಯ ಒಳಮಗ್ಗುಲು ತಿರುಗಿಸಿ ನೋಡಿ, ಅಂಗಡಿಯವರನ್ನು ಕೇಳಿ. ಮನೆಯಲ್ಲಿ ಹರಿದ ಪ್ಯಾಂಟು ಇದ್ದರೆ ಬೀದಿಯ ಟೈಲರಿಗೆ ಒಯ್ಯಿರಿ. ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.